ಮಗುವಿನ ಜೊಲ್ಲು, ಕಾರ್ಟಿಸಾಲ್ ಮತ್ತು ಬೆಳವಣಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳವಣಿಗೆಯ ಅಧ್ಯಯನಕ್ಕೆ ಮಗುವಿನ ಜೊಲ್ಲು ಕೊಡಲು ಒಪ್ಪಿದ ಅಪ್ಪ ಅಮ್ಮಂದಿರು, ಮನೆ ಮನೆಗೆ ಹೋಗಿ ಮಾದರಿ ತೆಗೆಯುವವರು, ಈ ವಿಷಯ ಓದುತ್ತಿರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಹುಟ್ಟಿನಿಂದ ಆರು ವರ್ಷದವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಜೊಲ್ಲು ಅಂದರೆ ಬರೀ ನೀರು ತಾನೇ? ಅದರಲ್ಲಿ ನೋಡುವುದಕ್ಕೆ ಏನಿದೆ?

ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ, ನಿಜ. ಉಳಿದ ಒಂದು ಪಾಲಿನಲ್ಲಿ ಲವಣಗಳಿವೆ, ಜೊಲ್ಲನ್ನು ಎಳೆ ಎಳೆಯಾಗಿಸುವ ಮ್ಯೂಸಿನ್ ಇದೆ, ಪಿಷ್ಟ ಒಡೆಯುವ ಅಮೈಲೇಸ್ ಇದೆ, ರೋಗಾಣು ತಡೆಯುವ ಇಮ್ಯುನೊಗ್ಲಾಬ್ಯುಲಿನ್ ಎ ಇದೆ, ರಕ್ತದಿಂದ ಇಳಿದು ಬಂದ ಹಾರ್ಮೋನುಗಳಿವೆ. ಈ ಹಾರ್ಮೋನುಗಳಲ್ಲಿ ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡುವವರು ಹೆಚ್ಚಾಗಿ ಅಳೆಯುವುದು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು. ಹೆದರಿಕೆ, ನೋವು, ಅಪರಿಚಿತ ಜಾಗ ಎದುರಾದಾಗ ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಅದರ ಅಡಿಯ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಕಳಿಸುತ್ತದೆ, ಪಿಟ್ಯುಟರಿ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗೆ ಕಳಿಸುತ್ತದೆ, ಅಡ್ರಿನಲ್ ಕಾರ್ಟಿಸಾಲ್ ಬಿಡುತ್ತದೆ. ಸೂಜಿ ಚುಚ್ಚಿ ರಕ್ತ ತೆಗೆದರೆ ಆ ಚುಚ್ಚಿದ ನೋವಿಗೇ ಕಾರ್ಟಿಸಾಲ್ ಏರುತ್ತದೆ, ದಿನಕ್ಕೆ ನಾಲ್ಕು ಸಲ ಚುಚ್ಚುವುದಂತೂ ಆಗದ ಮಾತು. ಜೊಲ್ಲಿಗೆ ಆ ತೊಂದರೆಯಿಲ್ಲ.

ಎಂಜಲು, ಉಗುಳು, ಜೊಲ್ಲು ಎಲ್ಲ ಒಂದೇ ಅಲ್ಲವೇ?

ಲ್ಯಾಬಿನ ಮಟ್ಟಿಗೆ ಅಲ್ಲ. ಬೇಕಾಗಿರುವುದು ತಾನಾಗಿ ಬಾಯಲ್ಲಿ ತುಂಬಿಕೊಂಡ ಜೊಲ್ಲು. ಕ್ಯಾಕರಿಸಿ ಉಗುಳಿದರೆ ಕಫ ಬರುತ್ತದೆ, ಥೂ ಎಂದು ಉಗುಳಿದರೆ ಬುರುಗು ಬರುತ್ತದೆ. ಎರಡನ್ನೂ ಪಿಪೆಟ್‌ನಲ್ಲಿ (ಹನಿ ಅಳೆಯುವ ಕೊಳವೆಯಲ್ಲಿ) ಸರಿಯಾಗಿ ಅಳೆಯಲಾಗದು. ಇನ್ನು ಎಂಜಲು ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಮೈಲಿಗೆಯ ಅರ್ಥವೂ ಇದೆ. ಅಜ್ಜಿ ಮುಖ ಸಿಂಡರಿಸಿದರೆ ವಾದಕ್ಕೆ ನಿಲ್ಲದೆ, ಜೊಲ್ಲು ಹೀರಿ ತೆಗೆಯುವ ಸ್ವಾಬ್ ಎಂಬ ಮೆತ್ತನೆಯ ಕಡ್ಡಿ ಮುಚ್ಚಿದ ನಳಿಗೆಯೊಳಗೇ ಹೋಗುತ್ತದೆ, ಮನೆಯ ಪಾತ್ರೆ ಯಾವುದನ್ನೂ ಮುಟ್ಟುವುದಿಲ್ಲ ಎಂದು ಮೊದಲೇ ತೋರಿಸಿಬಿಡಿ.

ರಕ್ತದ ಕಾರ್ಟಿಸಾಲ್ ಬಾಯಿಗೆ ಹೇಗೆ ಬರುತ್ತದೆ?

ರಕ್ತದ ಕಾರ್ಟಿಸಾಲ್‌ನಲ್ಲಿ ತೊಂಬತ್ತು ಪಾಲಿಗೂ ಹೆಚ್ಚು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಓಡಾಡುವ ಸ್ವಲ್ಪವೇ ಪಾಲು ದೇಹದ ಮೇಲೆ ಕೆಲಸ ಮಾಡುವುದು. ಅದು ಕೊಬ್ಬಿನಲ್ಲಿ ಕರಗುವ ಸಣ್ಣ ಅಣು. ಹಾಗಾಗಿ ಜೊಲ್ಲು ಗ್ರಂಥಿಯ ಜೀವಕೋಶದ ಪೊರೆಯನ್ನು ನೇರವಾಗಿ ದಾಟಿ ಬರುತ್ತದೆ. ಜೊಲ್ಲು ಹೆಚ್ಚು ಸುರಿಯಲಿ ಕಡಿಮೆ ಸುರಿಯಲಿ, ಅದರ ಸಾಂದ್ರತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮಕ್ಕಳ ಅಧ್ಯಯನಕ್ಕೆ ಇದೊಂದು ದೊಡ್ಡ ಅನುಕೂಲ. ಗ್ರಂಥಿಯೊಳಗಿನ ಒಂದು ಕಿಣ್ವ ಕಾರ್ಟಿಸಾಲ್‌ನ ಬಹುಪಾಲನ್ನು ಕಾರ್ಟಿಸೋನ್ ಆಗಿ ಮಾರ್ಪಡಿಸುತ್ತದೆ. ಆದ್ದರಿಂದ ಜೊಲ್ಲಿನ ಅಂಕಿಯನ್ನು ರಕ್ತದ ಅಂಕಿಯ ಪಕ್ಕ ಇಟ್ಟು ಹೋಲಿಸಬೇಡಿ.

ಯಾವ ಹೊತ್ತಿನಲ್ಲಿ ತೆಗೆಯಬೇಕು? ಒಂದು ಸಲ ಸಾಕೇ?

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಗಡಿಯಾರ ತಪ್ಪಿದರೆ ಲ್ಯಾಬ್ ಎಷ್ಟೇ ಚೊಕ್ಕವಾಗಿ ಅಳೆದರೂ ಪ್ರಯೋಜನವಿಲ್ಲ. ಕಾರ್ಟಿಸಾಲ್ ಬೆಳಗ್ಗೆ ಮೇಲಿರುತ್ತದೆ, ಎದ್ದ 30–45 ನಿಮಿಷಕ್ಕೆ ಇನ್ನೂ ಸ್ವಲ್ಪ ಏರುತ್ತದೆ, ಆಮೇಲೆ ಇಳಿಯುತ್ತಾ ಇಳಿಯುತ್ತಾ ನಡುರಾತ್ರಿಗೆ ತಳ ಮುಟ್ಟುತ್ತದೆ. ಬೆಳಗ್ಗೆ 7ಕ್ಕೆ ತೆಗೆದದ್ದನ್ನೂ 9ಕ್ಕೆ ತೆಗೆದದ್ದನ್ನೂ ಬರೀ 'ಬೆಳಗಿನ ಮಾದರಿ' ಎಂದು ಬರೆದರೆ, ಮಕ್ಕಳ ನಡುವಿನ ವ್ಯತ್ಯಾಸ ಅಂದುಕೊಂಡದ್ದು ಕೈಗಡಿಯಾರದ ವ್ಯತ್ಯಾಸವಾಗಿರುತ್ತದೆ.

ದಿನದ ಲಯ ನೋಡುವುದಾದರೆ ಎದ್ದ ಕೂಡಲೇ ಒಂದು, 30 ನಿಮಿಷಕ್ಕೆ ಒಂದು, ಮಲಗುವ ಮುಂಚೆ ಒಂದು; ಕನಿಷ್ಠ ಎರಡು ಸಾಮಾನ್ಯ ದಿನ. ಮದುವೆ, ಜಾತ್ರೆ, ಪ್ರಯಾಣದ ದಿನ ಬೇಡ. 'ಎದ್ದ ಕೂಡಲೇ' ಅಂದರೆ ಕಣ್ಣು ಬಿಟ್ಟಾಗ. ಮುಖ ತೊಳೆಸಿ, ಬಟ್ಟೆ ಬದಲಿಸಿ, ಅಂಗಳ ಸುತ್ತಿ ಬಂದ ಮೇಲಲ್ಲ. ಹತ್ತು ಹದಿನೈದು ನಿಮಿಷ ತಡವಾದರೆ ಮೊದಲನೆಯದೂ ಎರಡನೆಯದೂ ಒಂದೇ ಆಗಿಬಿಡುತ್ತವೆ. ತಡವಾದರೆ ಆಗಲಿ, ನಿಜವಾದ ಸಮಯ ಬರೆಯಿರಿ. ಚೀಟಿಯಲ್ಲಿ ಅಚ್ಚಾದ ಸಮಯವನ್ನೇ ನಕಲು ಮಾಡಿದ ಮಾದರಿಗಿಂತ, 22 ನಿಮಿಷ ತಡ ಎಂದು ಪ್ರಾಮಾಣಿಕವಾಗಿ ಬರೆದ ಮಾದರಿ ಎಷ್ಟೋ ಮೇಲು.

ಒಂದು ಘಟನೆಗೆ ಮಗು ಹೇಗೆ ಸ್ಪಂದಿಸುತ್ತದೆ ಎಂದು ನೋಡುವುದಾದರೆ ಘಟನೆಗೆ ಮುಂಚೆ ಒಂದು, ಶುರುವಾದ 20 ನಿಮಿಷಕ್ಕೆ ಒಂದು, 40 ನಿಮಿಷಕ್ಕೆ ಒಂದು ತೆಗೆಯಿರಿ. ರಕ್ತದಲ್ಲಿ ಏರಿ ಜೊಲ್ಲಿಗೆ ಇಳಿಯಲು ಅಷ್ಟು ಹೊತ್ತು ಬೇಕು. ಇದೇ ಲೆಕ್ಕವನ್ನು ತಿರುಗಿಸಿ ಓದಿ: ಈಗ ತೆಗೆದ ಜೊಲ್ಲು ಹೇಳುವುದು ಇಪ್ಪತ್ತು ನಿಮಿಷದ ಹಿಂದಿನ ಮಾತು. ಆಟೋದಲ್ಲಿ ಅಳುತ್ತಾ ಬಂದ ಮಗುವಿನಿಂದ ಬಾಗಿಲಲ್ಲೇ 'ಮುಂಚಿನ ಮಾದರಿ' ತೆಗೆದರೆ ಸಿಗುವುದು ಆಟೋ ಪ್ರಯಾಣದ ಕಾರ್ಟಿಸಾಲ್.

ಎಳೆಗೂಸಿಗೂ ಈ ಬೆಳಗು ರಾತ್ರಿಯ ಲಯ ಇರುತ್ತದೆಯೇ?

ಹುಟ್ಟಿದಾಗ ಇರುವುದಿಲ್ಲ. ಎರಡು ಮೂರು ತಿಂಗಳ ಹೊತ್ತಿಗೆ ಕಾಣಿಸಿಕೊಳ್ಳತೊಡಗುತ್ತದೆ, ಗಟ್ಟಿಯಾಗಲು ಇನ್ನೂ ಬಹಳ ಕಾಲ ಬೇಕು. ಮಧ್ಯಾಹ್ನದ ನಿದ್ದೆ ಇರುವವರೆಗೂ ದೊಡ್ಡವರಂಥ ನೇರ ಇಳಿಜಾರು ಕಾಣುವುದಿಲ್ಲ. ಮಲಗಿ ಎದ್ದ ಮಗುವಿನ ಮಾದರಿಗೆ ಮುಕ್ಕಾಲು ಗಂಟೆಯಾದರೂ ಬಿಡಿ, ಎಷ್ಟು ಗಂಟೆಗೆ ಮಲಗಿತು, ಎಷ್ಟಕ್ಕೆ ಎದ್ದಿತು ಎರಡನ್ನೂ ಬರೆದುಕೊಳ್ಳಿ.

ಲಸಿಕೆಯ ದಿನ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಎರಡು ತಿಂಗಳ ಕೂಸಿಗೆ ಚುಚ್ಚುಮದ್ದಿನ ಮೇಲೆ ಕಾರ್ಟಿಸಾಲ್ ಚೆನ್ನಾಗಿ ಏರುತ್ತದೆ. ನಾಲ್ಕು, ಆರು ತಿಂಗಳಿಗೆ ಆ ಏರಿಕೆ ತಗ್ಗುತ್ತದೆ, ಒಂದೂಕಾಲು ವರ್ಷಕ್ಕೆ ಬಹಳ ಮಕ್ಕಳಲ್ಲಿ ಏರಿಕೆಯೇ ಸಿಗುವುದಿಲ್ಲ. ಅಳು ಮಾತ್ರ ಅಷ್ಟೇ ಜೋರು! ಅಳುವುದೂ ಕಾರ್ಟಿಸಾಲ್ ಏರುವುದೂ ಒಂದೇ ಅಲ್ಲ. ಮಗು ಅತ್ತು ಕೂಗಿ ಅಮ್ಮನನ್ನು ಹತ್ತಿರ ಕರೆಸಿಕೊಳ್ಳುತ್ತದೆ. ನಂಬುವ ದೊಡ್ಡವರು ಹತ್ತಿರವಿದ್ದರೆ ಒಳಗಿನ ವ್ಯವಸ್ಥೆ ಅಷ್ಟು ಕೆರಳುವುದಿಲ್ಲ.

ಮಾದರಿ ತೆಗೆಯುವುದು ಹೇಗೆ? ಮಗು ಬಾಯಿ ತೆರೆಯುವುದೇ ಇಲ್ಲ.

ದೊಡ್ಡವರ ಪುಟ್ಟ ಹತ್ತಿ ಸುರುಳಿ ಆರು ವರ್ಷದೊಳಗಿನವರಿಗೆ ಬೇಡ. ನುಂಗಿ ಉಸಿರುಗಟ್ಟುವ ಅಪಾಯವಿದೆ. ಮಕ್ಕಳಿಗೆಂದೇ ಮಾಡಿದ ಉದ್ದನೆಯ ಪಾಲಿಮರ್ ಸ್ವಾಬ್ ಬರುತ್ತದೆ, ಉದ್ದ ಸುಮಾರು 125 ಮಿಲಿಮೀಟರ್. ಆರು ತಿಂಗಳೊಳಗಿನ ಕೂಸಿಗೆ ತೆಳ್ಳಗಿನದು, ಮೇಲಿನವರಿಗೆ ಸ್ವಲ್ಪ ದಪ್ಪನೆಯದು. ಒಂದು ತುದಿ ಸದಾ ದೊಡ್ಡವರ ಕೈಯಲ್ಲೇ ಇರಬೇಕು, ಒಂದು ಕ್ಷಣವೂ ಬಿಡಬಾರದು.

ಕೈ ತೊಳೆದು, ಗ್ಲೌಸ್ ಹಾಕಿಕೊಳ್ಳಿ. ಕೂಸಾದರೆ ಅಮ್ಮನ ತೊಡೆಯ ಮೇಲೆ ಮಲಗಿರಲಿ, ತಲೆ ಸ್ವಲ್ಪ ಎತ್ತರದಲ್ಲಿ. ಕೆಳತುಟಿಯನ್ನು ಸ್ವಾಬಿನ ತುದಿಯಿಂದ ಸವರಿ. ಮೊಲೆ ಹುಡುಕುವ ಹಾಗೆ ಬಾಯಿ ತಾನೇ ತೆರೆದುಕೊಳ್ಳುತ್ತದೆ. ತುದಿಯನ್ನು ನಾಲಿಗೆಯ ಅಡಿಗೆ ಇಡಿ. ಜೊಲ್ಲು ಕೊಳದ ಹಾಗೆ ನಿಲ್ಲುವುದು ಅಲ್ಲೇ. ಒಟ್ಟು 60ರಿಂದ 90 ಸೆಕೆಂಡ್ ಬೇಕು, ಒಂದೇ ಪಟ್ಟಿಗೆ ಅಲ್ಲ: ಹದಿನೈದು ಸೆಕೆಂಡ್ ಇಟ್ಟು, ತೆಗೆದು, ಮಾತಾಡಿಸಿ, ಮತ್ತೆ ಇಡಿ. ಒಣಗಿದ ಸ್ವಾಬ್ ಬೆರಳಿಗೆ ಗಟ್ಟಿಯಾಗಿ, ಹಗುರವಾಗಿ ಇರುತ್ತದೆ. ಜೊಲ್ಲು ಹೀರಿಕೊಂಡ ಹಾಗೆ ತುದಿ ಮೆತ್ತಗಾಗಿ ಊದಿಕೊಳ್ಳುತ್ತದೆ, ಭಾರಕ್ಕೆ ಚೂರು ಬಾಗುತ್ತದೆ. ತುದಿಯ ಮೂರನೇ ಒಂದು ಭಾಗ ಹಾಗಾದರೆ ಸಾಕು. ಒದ್ದೆಯಾದ ಭಾಗವನ್ನು ನಳಿಗೆಗೆ ಇಳಿಸಿ, ಕೈಯಲ್ಲಿ ಹಿಡಿದಿದ್ದ ಒಣ ಭಾಗವನ್ನು ಕತ್ತರಿಸಿ ಬಿಸಾಡಿ.

ಎರಡು ಮೂರು ವರ್ಷದವರು ಹಟ ಹಿಡಿಯುವುದು ಸಹಜ. ಸ್ವಾಬನ್ನು ಮೊದಲು ಅವರ ಕೈಗೇ ಕೊಟ್ಟು ನೋಡಲು ಬಿಡಿ (ಆಮೇಲೆ ಬಳಸುವುದು ಹೊಸದನ್ನು), ನೀವೂ ಒಂದನ್ನು ಬಾಯಲ್ಲಿಟ್ಟುಕೊಳ್ಳಿ, ಇಪ್ಪತ್ತರವರೆಗೆ ಜೊತೆಯಾಗಿ ಎಣಿಸಿ. ಬಲವಂತವಾಗಿ ದವಡೆ ಹಿಡಿದರೆ ಆ ಮಾದರಿಯೂ ಹೋಯಿತು, ಮುಂದಿನ ಮೂರೂ ಹೋದವು. ಐದಾರು ವರ್ಷದವರಿಗೆ ಸ್ವಾಬ್ ಬೇಡವಾದರೆ ತಲೆ ಮುಂದೆ ಬಾಗಿಸಿ, ಜೊಲ್ಲು ಬಾಯಲ್ಲಿ ತುಂಬಲು ಬಿಟ್ಟು, ಅಗಲ ಕೊಳವೆಯ ಮೂಲಕ ನಳಿಗೆಗೆ ಇಳಿಸಬಹುದು. ಎಲ್ಲ ಬಗೆಯ ಪರೀಕ್ಷೆಗೂ ಒದಗುವುದು ಈ ವಿಧಾನ.

ಮೆಡಿಕಲ್ ಶಾಪಿನ ಹತ್ತಿ ಆಗುವುದಿಲ್ಲವೇ?

ಬೇಡ. ಹತ್ತಿಯಲ್ಲಿರುವ ಸಸ್ಯದ ಅಂಶಗಳು ಕೆಲವು ಹಾರ್ಮೋನ್ ಪರೀಕ್ಷೆಗಳಲ್ಲಿ ಸುಳ್ಳು ಏರಿಕೆ ತೋರಿಸುತ್ತವೆ, ಇಮ್ಯುನೊಗ್ಲಾಬ್ಯುಲಿನ್ ಎ ಹತ್ತಿಯಲ್ಲೇ ಸಿಕ್ಕಿಹಾಕಿಕೊಂಡು ಕಡಿಮೆ ಬರುತ್ತದೆ. ಮಾದರಿ ಕಡಿಮೆಯಿದ್ದಾಗ ಹಿಂಡಿ ತೆಗೆಯುವುದೂ ಕಷ್ಟ.

ಎಷ್ಟು ಜೊಲ್ಲು ಬೇಕು?

ಸಾಮಾನ್ಯ ಎಲೈಸಾ ಕಿಟ್‌ನಲ್ಲಿ (ಆಂಟಿಬಾಡಿ ಬಳಸಿ ಬಣ್ಣದಿಂದ ಅಳೆಯುವ ಪರೀಕ್ಷೆ) ಕಾರ್ಟಿಸಾಲ್‌ಗೆ ತಟ್ಟೆಯ ಒಂದು ಕುಳಿಗೆ 25 ಮೈಕ್ರೋಲೀಟರ್. ಜೋಡಿಯಾಗಿ ಓಡಿಸುವುದರಿಂದ 50. ನಳಿಗೆಯ ತಳಕ್ಕೆ, ಪಿಪೆಟ್ ತುದಿಗೆ ಅಂಟಿಕೊಳ್ಳುವುದಕ್ಕೆ, ಒಂದು ಸಲ ಮರುಪರೀಕ್ಷೆಗೆ ಲೆಕ್ಕ ಹಾಕಿ 200 ಮೈಕ್ರೋಲೀಟರ್ ಇದ್ದರೆ ನೆಮ್ಮದಿ. ಅಂದರೆ ಟೀ ಚಮಚದ ಇಪ್ಪತ್ತೈದನೇ ಒಂದು ಪಾಲು. ಒಂದು ಬಟ್ಟೆಯ ಬಿಬ್ ಮೇಲೆ ಮಗು ಬೆಳಗ್ಗೆಯಿಂದ ಸುರಿಸುವುದು ಇದರ ಎಷ್ಟೋ ಪಟ್ಟು.

ಹಾಲು ಕುಡಿದಿದೆ. ಈಗ ತೆಗೆಯಬಹುದೇ?

ಬೇಡ, ಕಾಯಿರಿ. ಹಸುವಿನ ಹಾಲಿನಲ್ಲೂ ಎದೆಹಾಲಿನಲ್ಲೂ ಕಾರ್ಟಿಸಾಲ್ ಇದೆ, ಪರೀಕ್ಷೆಗೆ ಅದು ಯಾರದ್ದು ಎಂದು ಗೊತ್ತಾಗುವುದಿಲ್ಲ. ಊಟ ತಿಂಡಿಯಾಗಿ ಒಂದು ಗಂಟೆ, ಎಳೆಗೂಸಿಗೆ ಹಾಲು ಕುಡಿದು ಕನಿಷ್ಠ ಅರ್ಧ ಗಂಟೆ ಅಂತರವಿರಲಿ. ಒಂದು ವರ್ಷ ದಾಟಿದವರಿಗೆ ಮಾದರಿಗೆ 10 ನಿಮಿಷ ಮುಂಚೆ ಒಂದು ಗುಟುಕು ನೀರಿನಲ್ಲಿ ಬಾಯಿ ತೊಳೆಸಿ. ಎಳೆಗೂಸಿನ ಬಾಯಿಯನ್ನು ಸ್ವಚ್ಛವಾದ ಒದ್ದೆ ಗಾಸ್‌ನಿಂದ ಒರೆಸಿದರೆ ಸಾಕು. ತೊಳೆದ ಕೂಡಲೇ ತೆಗೆದರೆ ಜೊಲ್ಲಿಗೆ ನೀರು ಬೆರೆತು ಅಂಕಿ ಇಳಿಯುತ್ತದೆ, ಆ ಹತ್ತು ನಿಮಿಷ ಬೇಕೇ ಬೇಕು.

ಅಂಗನವಾಡಿಯಲ್ಲಿ ಕೆಲಸ ಮಾಡುವವರು ಕ್ಷೀರಭಾಗ್ಯದ ಹಾಲು ಎಷ್ಟು ಹೊತ್ತಿಗೆ ಕೊಡುತ್ತಾರೆ ಎಂದು ಹಿಂದಿನ ದಿನವೇ ಕಾರ್ಯಕರ್ತೆಯವರನ್ನು ಕೇಳಿ ವೇಳೆ ಗೊತ್ತುಮಾಡಿಕೊಳ್ಳಿ. ಮಾದರಿಗಾಗಿ ಮಕ್ಕಳ ಹಾಲು, ಊಟ ತಡೆಹಿಡಿಯುವುದು ಸರಿಯಲ್ಲ. ನಮ್ಮ ವೇಳಾಪಟ್ಟಿಯೇ ಹಾಲಿಗೆ ಹೊಂದಿಕೊಳ್ಳಬೇಕು.

ಹುಣಸೆಹಣ್ಣೋ ನಿಂಬೆಯೋ ನೆಕ್ಕಿಸಿದರೆ ಬಾಯಲ್ಲಿ ನೀರೂರುತ್ತದಲ್ಲ?

ಊರುತ್ತದೆ, ಜೊತೆಗೆ ಮಾದರಿ ಕೆಡುತ್ತದೆ. ಜೊಲ್ಲಿನ ಪಿಎಚ್ ಸಾಮಾನ್ಯವಾಗಿ 6ರಿಂದ 7.5ರ ಆಸುಪಾಸು. ಹುಳಿ ಬಿದ್ದು ಅದು 4ಕ್ಕಿಂತ ಕೆಳಗಿಳಿದರೆ ಕಾರ್ಟಿಸಾಲ್ ಹಿಡಿಯಬೇಕಾದ ಕಿಟ್‌ನ ಆಂಟಿಬಾಡಿ ಸರಿಯಾಗಿ ಹಿಡಿಯುವುದಿಲ್ಲ, ಇಲ್ಲದ ಕಾರ್ಟಿಸಾಲ್ ಇದ್ದಂತೆ ಕಾಣುತ್ತದೆ. ಮಕ್ಕಳಿಗೆ ಹುಳಿಸಿಹಿ ಪಾನಕದ ಪುಡಿ ಅದ್ದಿದ ಹತ್ತಿ ಕೊಡುವ ಪದ್ಧತಿ ಅಮೆರಿಕದ ಅಧ್ಯಯನಗಳಲ್ಲಿ ಹಿಂದೆ ಇತ್ತು. 1990ರ ದಶಕದ ಕೊನೆಗೆ ಅದರ ದೋಷ ಕಂಡುಕೊಂಡ ಮೇಲೆ ಅದು ಕ್ರಮೇಣ ಕಡಿಮೆಯಾಯಿತು. ನೀರೂರಲೇಬೇಕಾದರೆ ಇಷ್ಟದ ತಿಂಡಿಯ ಚಿತ್ರ ತೋರಿಸಿ, ಅದರ ಮಾತಾಡಿ.

ಹಲ್ಲು ಬರುತ್ತಿದೆ, ಒಸಡಿನಲ್ಲಿ ರಕ್ತವಿದೆ.

ರಕ್ತದಲ್ಲಿ ಹಾರ್ಮೋನಿನ ಮಟ್ಟ ಜೊಲ್ಲಿಗಿಂತ ಎಷ್ಟೋ ಹೆಚ್ಚು. ಸ್ವಾಬ್ ನಸುಗೆಂಪಾಗಿ ಕಂಡರೆ ಅದನ್ನು ಬದಿಗಿಟ್ಟು, ಚೀಟಿಯಲ್ಲಿ ಬರೆದು, ಇನ್ನೊಂದು ದಿನ ತೆಗೆಯಿರಿ. ಬರೀ ಹಲ್ಲು ಮೊಳೆಯುತ್ತಿದ್ದು ಜೊಲ್ಲು ತಿಳಿಯಾಗಿದ್ದರೆ ಅಡ್ಡಿಯಿಲ್ಲ. ಆರರ ಹೊತ್ತಿಗೆ ಹಾಲುಹಲ್ಲು ಅಲುಗಾಡುವವರಲ್ಲಿ, ಬಾಯಿಹುಣ್ಣು ಇರುವವರಲ್ಲಿ, ಈಗಷ್ಟೇ ಹಲ್ಲುಜ್ಜಿದವರಲ್ಲಿ ವಿಶೇಷವಾಗಿ ಗಮನಿಸಿ.

ಔಷಧಿ ನಡೆಯುತ್ತಿದೆ, ತೊಂದರೆಯೇ?

ಸ್ಟೀರಾಯ್ಡ್ ಆಗಿದ್ದರೆ ಬಹಳ ತೊಂದರೆ. ಪ್ರೆಡ್ನಿಸೊಲೋನ್ ಸಿರಪ್ಪನ್ನು ಪರೀಕ್ಷೆ ಕಾರ್ಟಿಸಾಲ್ ಎಂದೇ ತಪ್ಪು ತಿಳಿದು ಸುಳ್ಳು ಏರಿಕೆ ತೋರಿಸಬಹುದು. ಉಬ್ಬಸಕ್ಕೆ ಸೇದುವ ಬ್ಯುಡೆಸೊನೈಡ್, ಬೀಟಾಮೆಥಸೋನ್ ಇರುವ ಮುಲಾಮು ದೇಹದ ಸ್ವಂತ ಕಾರ್ಟಿಸಾಲ್ ತಯಾರಿಕೆಯನ್ನು ತಗ್ಗಿಸಬಹುದು. ನಮ್ಮಲ್ಲಿ ಕಜ್ಜಿ, ತುರಿಕೆಗೆ ಚೀಟಿಯಿಲ್ಲದೆ ಕೊಳ್ಳುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಹಚ್ಚುವವರಿಗೆ ಅದು ತಿಳಿದಿರುವುದಿಲ್ಲ. ಆದ್ದರಿಂದ 'ಔಷಧಿ ಕೊಡುತ್ತೀರಾ' ಎಂದು ಕೇಳಿ ಬಿಡಬೇಡಿ, ಮನೆಯಲ್ಲಿರುವ ಟ್ಯೂಬುಗಳನ್ನು ತೋರಿಸಲು ಹೇಳಿ. ಇನ್ನೂ ಸೂಕ್ಷ್ಮವಾದದ್ದು ಕೈಯದು: ತಮ್ಮ ಕೈಗೆ ಹೈಡ್ರೊಕಾರ್ಟಿಸೋನ್ ಮುಲಾಮು ಹಚ್ಚಿಕೊಂಡವರು ಸ್ವಾಬ್ ಮುಟ್ಟಿದರೆ ಮಾದರಿಯ ಅಂಕಿ ನಂಬಲಾಗದಷ್ಟು ಮೇಲೆ ಹೋಗುತ್ತದೆ, ಏಕೆಂದರೆ ಹೈಡ್ರೊಕಾರ್ಟಿಸೋನ್ ಎಂಬುದು ಕಾರ್ಟಿಸಾಲ್‌ನ ಇನ್ನೊಂದು ಹೆಸರು.

ಮಾದರಿಗೋಸ್ಕರ ಔಷಧಿ ನಿಲ್ಲಿಸಬೇಡಿ. ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸುವುದು ಮಗುವಿಗೆ ಅಪಾಯ. ಹೆಸರು, ಪ್ರಮಾಣ, ಕೊಟ್ಟ ಹೊತ್ತು ಬರೆದುಕೊಟ್ಟರೆ ಸಾಕು. ಜ್ವರವಿದ್ದರೆ ಮಾತ್ರ ಮುಂದೂಡಿ. ಕಾಯಿಲೆಯೇ ಕಾರ್ಟಿಸಾಲ್ ಏರಿಸುತ್ತದೆ.

ತೆಗೆದ ಮೇಲೆ ಹೇಗೆ ಇಡುವುದು? ಕರೆಂಟು ಹೋದರೆ?

ಕೂಡಲೇ ತಂಪಿಗೆ ಸೇರಿಸಿ. ಹಳ್ಳಿಗಳಲ್ಲಿ ಐಸ್ ಪ್ಯಾಕ್ ಹಾಕಿದ ವ್ಯಾಕ್ಸಿನ್ ಕ್ಯಾರಿಯರ್ ಬಹಳ ಚೆನ್ನಾಗಿ ಒದಗುತ್ತದೆ. ಅದೇ ದಿನ ಮೈನಸ್ 20 ಡಿಗ್ರಿಗೆ, ದೀರ್ಘಕಾಲ ಇಡುವುದಾದರೆ ಮೈನಸ್ 80ಕ್ಕೆ. ಕಾರ್ಟಿಸಾಲ್ ಗಟ್ಟಿ ಅಣು: ಫ್ರಿಜ್ಜಿನ 5 ಡಿಗ್ರಿಯಲ್ಲಿ ಮೂರು ತಿಂಗಳು ಹಾಗೇ ಉಳಿದದ್ದು ದಾಖಲಾಗಿದೆ. ಒಂದು ಮಧ್ಯಾಹ್ನ ಕರೆಂಟು ಹೋಯಿತೆಂದು ಮಾದರಿ ಎಸೆಯಬೇಡಿ, ಎಷ್ಟು ಹೊತ್ತು ಹೋಗಿತ್ತೆಂದು ಬರೆದಿಡಿ. ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯೊಳಗೆ ಬಿಟ್ಟದ್ದು ಮಾತ್ರ ಬೇರೆ ಕಥೆ. ಬಿಸಿಗೆ ಬಾಯಿಯ ಬ್ಯಾಕ್ಟೀರಿಯಾ ಬೆಳೆದು ಮಾದರಿ ಕೆಡುತ್ತದೆ, ಮುಚ್ಚಳ ತೆರೆದಾಗ ವಾಸನೆಯೇ ಹೇಳುತ್ತದೆ.

ಹೆಸರು ಚೀಟಿಯ ಮೇಲೆ ಬಾಲ್ ಪೆನ್ನಿನಲ್ಲಿ ಬರೆದದ್ದು ಫ್ರೀಜರಿನ ತೇವಕ್ಕೆ ಅಳಿಸುತ್ತದೆ, ಸಾಮಾನ್ಯ ಸ್ಟಿಕ್ಕರ್ ಉದುರುತ್ತದೆ. ಫ್ರೀಜರ್ ಚೀಟಿ ಬಳಸಿ. ಮಗುವಿನ ಹೆಸರು ಬೇಡ. ಸಂಖ್ಯೆ, ದಿನಾಂಕ, ಎಷ್ಟನೇ ಮಾದರಿ ಎಂಬುದಷ್ಟೇ ಇರಲಿ.

ಲ್ಯಾಬಿನಲ್ಲಿ ಏನು ಮಾಡುತ್ತಾರೆ?

ಕರಗಿಸಿದ ಮಾದರಿಯನ್ನು 1500 ಜಿ ಬಲದಲ್ಲಿ (ಗುರುತ್ವದ 1500 ಪಟ್ಟು) 15 ನಿಮಿಷ ಸೆಂಟ್ರಿಫ್ಯೂಜ್ ಮಾಡುತ್ತಾರೆ, ಅಂದರೆ ಗಿರಗಿರನೆ ತಿರುಗಿಸುತ್ತಾರೆ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಜೊಲ್ಲಿನಲ್ಲಿ ಮ್ಯೂಸಿನ್ ಬೇರೆಯಾಗಿ ತಳಕ್ಕೆ ಕೂರುತ್ತದೆ, ಮೇಲೆ ನೀರಿನಂಥ ತಿಳಿ ನಿಲ್ಲುತ್ತದೆ. ಹಾಗಾಗಿ ಪಿಪೆಟ್ ಮಾಡಲು ತಾಜಾ ಜೊಲ್ಲಿಗಿಂತ ಫ್ರೀಜ್ ಆದದ್ದೇ ಲೇಸು. ಎಲೈಸಾ ತಟ್ಟೆಯಲ್ಲಿ ಮಾದರಿಯ ಕಾರ್ಟಿಸಾಲ್‌ಗೂ ಕಿಣ್ವ ಕಟ್ಟಿದ ಕಾರ್ಟಿಸಾಲ್‌ಗೂ ಆಂಟಿಬಾಡಿಗಾಗಿ ಪೈಪೋಟಿ. ಮಾದರಿಯಲ್ಲಿ ಹೆಚ್ಚಿದ್ದಷ್ಟೂ ಬಣ್ಣ ಕಡಿಮೆ. ನೀಲಿ ಬಂದ ಮೇಲೆ ಆಮ್ಲ ಹಾಕಿ ಹಳದಿ ಮಾಡಿ 450 ನ್ಯಾನೋಮೀಟರ್‌ನಲ್ಲಿ ಓದುತ್ತಾರೆ. ಒಂದೇ ಮಗುವಿನ ಎಲ್ಲ ಮಾದರಿಗಳೂ ಒಂದೇ ತಟ್ಟೆಯಲ್ಲಿರಬೇಕು. ಬೆಳಗಿನದು ಒಂದು ತಟ್ಟೆ, ರಾತ್ರಿಯದು ಇನ್ನೊಂದು ತಟ್ಟೆಯಾದರೆ ತಟ್ಟೆಗಳ ನಡುವಿನ ಅಂತರವೇ ಲಯದ ಹಾಗೆ ಕಾಣುತ್ತದೆ. ವರದಿ ಮೈಕ್ರೋಗ್ರಾಂ ಪ್ರತಿ ಡೆಸಿಲೀಟರ್‌ನಲ್ಲಿದ್ದರೆ 27.6ರಿಂದ ಗುಣಿಸಿದರೆ ನ್ಯಾನೋಮೋಲ್ ಪ್ರತಿ ಲೀಟರ್, 0.2 ಎಂದರೆ ಸುಮಾರು 5.5.

ಅಮೈಲೇಸನ್ನೂ ಅಳೆಯುತ್ತಾರಂತೆ?

ಹೌದು. ಎದೆ ಡವಗುಟ್ಟಿಸುವ ನರವ್ಯವಸ್ಥೆಯ ಸುಳಿವು ಅದರಲ್ಲಿದೆ. ಕಾರ್ಟಿಸಾಲ್‌ಗಿಂತ ಬೇಗ, ಐದು ಹತ್ತು ನಿಮಿಷದಲ್ಲೇ ಏರುತ್ತದೆ. ಆದರೆ ಅದು ರಕ್ತದಿಂದ ಬರುವುದಲ್ಲ, ಗ್ರಂಥಿಯೇ ತಯಾರಿಸುವುದು. ಜೊಲ್ಲಿನ ಹರಿವು ಬದಲಾದರೆ ಅಂಕಿಯೂ ಬದಲು, ಸ್ವಾಬನ್ನು ಕೆನ್ನೆಯ ಬದಿ ಇಟ್ಟರೆ ಒಂದು, ನಾಲಿಗೆಯಡಿ ಇಟ್ಟರೆ ಇನ್ನೊಂದು. ಪ್ರತಿ ಸಲವೂ ಒಂದೇ ಜಾಗ, ಅಷ್ಟೇ ಹೊತ್ತು. ಹುಟ್ಟಿದ ಕೂಸಿನಲ್ಲಿ ಅದು ತೀರಾ ಕಡಿಮೆ, ಮೊದಲ ವರ್ಷದುದ್ದಕ್ಕೂ ಏರುತ್ತದೆ. ಆದ್ದರಿಂದ ಎಳೆಗೂಸುಗಳಲ್ಲಿ ವಯಸ್ಸಿನ ಅಂತರವನ್ನು ಒತ್ತಡ ಎಂದು ಓದುವ ತಪ್ಪು ಸುಲಭವಾಗಿ ಆಗುತ್ತದೆ.

ಇಷ್ಟೆಲ್ಲ ಮಾಡಿ ಬೆಳವಣಿಗೆಯ ಬಗ್ಗೆ ತಿಳಿದದ್ದೇನು?

ರೊಮೇನಿಯಾದಿಂದ ಬಂದದ್ದು ಮನಸ್ಸು ಕಲಕುವ ಮಾಹಿತಿ. 1990ರ ದಶಕದಲ್ಲಿ ಅಲ್ಲಿನ ಅನಾಥಾಲಯಗಳ ಪುಟ್ಟ ಮಕ್ಕಳ ಜೊಲ್ಲು ಪರೀಕ್ಷಿಸಿದಾಗ ಬೆಳಗು ಸಂಜೆಯ ಇಳಿಜಾರೇ ಮಟ್ಟಸವಾಗಿತ್ತು. ಬೆಳಗ್ಗೆ ಏರಬೇಕಾದದ್ದು ಏರಿರಲಿಲ್ಲ. ಎತ್ತಿಕೊಳ್ಳುವವರಿಲ್ಲದೆ ಬೆಳೆದ ಮಕ್ಕಳಲ್ಲಿ ಕಾರ್ಟಿಸಾಲ್ ಸದಾ ಹೆಚ್ಚಿರುತ್ತದೆ ಎಂದುಕೊಂಡಿದ್ದವರಿಗೆ ಇದು ದೊಡ್ಡ ಪಾಠ. ಆಮೇಲೆ ಬುಕಾರೆಸ್ಟ್‌ನಲ್ಲಿ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದನ್ನು ಸಾಕು ಕುಟುಂಬಗಳಿಗೆ ಕೊಟ್ಟು ದೀರ್ಘಕಾಲ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹನ್ನೆರಡರ ಆಸುಪಾಸಿನಲ್ಲಿ ಅನಾಥಾಲಯದಲ್ಲೇ ಉಳಿದವರ ಸ್ಪಂದನೆ ಮಂಕಾಗಿತ್ತು. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕವರಲ್ಲಿ ಅದು ಸಹಜದ ಕಡೆಗೆ ಮರಳಿತ್ತು.

ಅಮೆರಿಕದ ಪೆನ್ಸಿಲ್ವೇನಿಯಾ, ನಾರ್ತ್ ಕ್ಯಾರೊಲಿನಾಗಳ ಬಡ ಹಳ್ಳಿಗಾಡಿನಲ್ಲಿ 1,292 ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನದಲ್ಲಿ, 7, 15, 24 ತಿಂಗಳಿಗೆ ಕಾರ್ಟಿಸಾಲ್ ಹೆಚ್ಚಿದ್ದವರು ಮೂರು ವರ್ಷಕ್ಕೆ ಗಮನ, ನೆನಪು, ತಡೆದುಕೊಳ್ಳುವ ಆಟಗಳಲ್ಲಿ ಸರಾಸರಿ ಹಿಂದಿದ್ದರು. ಮಿನೆಸೊಟಾದ ಡೇಕೇರ್ ಅಧ್ಯಯನಗಳಲ್ಲಿ, ಮನೆಯಲ್ಲಿ ಮಧ್ಯಾಹ್ನಕ್ಕೆ ಇಳಿಯುವ ಕಾರ್ಟಿಸಾಲ್ ಅಲ್ಲಿ ಅನೇಕ ಮಕ್ಕಳಲ್ಲಿ ಏರಿತ್ತು. ನಮ್ಮಲ್ಲೂ ಈ ಕೆಲಸ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರಿಂದ ಶುರುವಾದ ಪಾರ್ಥೆನಾನ್ ಅಧ್ಯಯನದ ಮಕ್ಕಳು 13–14 ವರ್ಷದವರಾದಾಗ ಅಪರಿಚಿತರ ಮುಂದೆ ಐದು ನಿಮಿಷ ಮಾತು, ಐದು ನಿಮಿಷ ಬಾಯಿಲೆಕ್ಕ ಮಾಡಿಸಿ, ಮುಂಚೆಯೂ ಆಮೇಲೆಯೂ ಜೊಲ್ಲಿನ ಕಾರ್ಟಿಸಾಲ್ ನೋಡಿದ್ದಾರೆ.

ಹಾಗಾದರೆ ನನ್ನ ಮಗುವಿಗೂ 'ಒತ್ತಡ ಪರೀಕ್ಷೆ' ಮಾಡಿಸಲೇ?

ಬೇಡ. ಮೇಲಿನದ್ದೆಲ್ಲ ನೂರಾರು ಮಕ್ಕಳ ಸರಾಸರಿ. ಒಂದೇ ಮಗುವಿನ ಒಂದು ಅಂಕಿಯಿಂದ ಅದರ ನೆಮ್ಮದಿಯನ್ನಾಗಲಿ ಬುದ್ಧಿಯನ್ನಾಗಲಿ ಹೇಳುವಂತಿಲ್ಲ. ಹೆಚ್ಚಿದ್ದರೆ ಅದು ನಿದ್ದೆಯೋ ಹಾಲೋ ಜ್ವರವೋ ಇರಬಹುದು. ಕಡಿಮೆಯಿದ್ದರೆ ನಿಶ್ಚಿಂತೆ ಎಂದೂ ಅಲ್ಲ, ರೊಮೇನಿಯಾದ ಮಕ್ಕಳನ್ನು ನೆನೆಯಿರಿ. ಡೇಕೇರ್‌ಗೆ ಬಿಟ್ಟು ಕೆಲಸಕ್ಕೆ ಹೋಗುವ ಅಮ್ಮಂದಿರು ಆ ಏರಿಕೆಯನ್ನು ಓದಿ ಕೊರಗಬೇಕಾಗಿಲ್ಲ, ಅದು ಚಿಕ್ಕ ಏರಿಕೆ, ನೋಡಿಕೊಳ್ಳುವವರು ಮಗುವಿಗೆ ಸ್ಪಂದಿಸುವವರಾಗಿದ್ದಲ್ಲಿ ಇನ್ನೂ ಕಡಿಮೆ. ವೈದ್ಯರು ರಾತ್ರಿಯ ಜೊಲ್ಲಿನ ಕಾರ್ಟಿಸಾಲ್ ಕೇಳುವುದು, ದೇಹದಲ್ಲಿ ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಕಾಯಿಲೆಯ ಶಂಕೆಯಿದ್ದಾಗ. ಮಾತು, ನಡಿಗೆ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದರ ಬಗ್ಗೆ ಆತಂಕವಿದ್ದರೆ ಆ ದುಡ್ಡನ್ನೂ ದಿನವನ್ನೂ ಮಕ್ಕಳ ವೈದ್ಯರಿಗೆ ಕೊಡಿ.

ಒಪ್ಪಿಗೆ ಪತ್ರದಲ್ಲಿ ಏನು ನೋಡಬೇಕು?

ಜೊಲ್ಲಿನಲ್ಲಿ ಕೆನ್ನೆಯ ಜೀವಕೋಶಗಳೂ ಇರುತ್ತವೆ, ಅಂದರೆ ಡಿಎನ್ಎ ಕೂಡ. ಹಾರ್ಮೋನ್ ಮಾತ್ರವೋ ಡಿಎನ್ಎಯನ್ನೂ ನೋಡುತ್ತಾರೋ, ಉಳಿದ ಮಾದರಿ ಎಷ್ಟು ವರ್ಷ ಇಡುತ್ತಾರೆ, ಬೇರೆ ಸಂಸ್ಥೆಗೆ ಕಳಿಸುತ್ತಾರೋ ಎಂದು ಕೇಳಿ. ನಡುವೆ ಹಿಂದೆ ಸರಿಯುವ ಹಕ್ಕು ನಿಮಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಏಳು ವರ್ಷ ತುಂಬಿದವರ ಸ್ವಂತ ಸಮ್ಮತಿಯೂ ಬೇಕು. ಅದಕ್ಕಿಂತ ಚಿಕ್ಕವರು ತಲೆ ಆಚೆ ತಿರುಗಿಸಿ ಬಾಯಿ ಬಿಗಿಹಿಡಿದರೆ ಅದನ್ನೇ ಬೇಡ ಎಂಬ ಮಾತೆಂದು ತಿಳಿದು, ಆ ದಿನಕ್ಕೆ ಚೀಟಿಯಲ್ಲಿ 'ಮಾದರಿ ಇಲ್ಲ' ಎಂದು ಬರೆದು ಹೊರಡಿ.